ಹೊಡೆಯದೆ ಬಿಟ್ಟ ಸಾಲು

ಮದ್ದೂರು ತಾಲ್ಲೂಕಿನ ವೈದ್ಯನಾಥಪುರ ಶಿಂಷಾ ನದಿಯ ದಡದ ಊರು. ಅಲ್ಲಿರುವ ವೈದ್ಯನಾಥೇಶ್ವರನ ಹೆಸರನ್ನೇ ಊರು ಹೊತ್ತಿದೆ. ಹೊಳೆಯ ಪಕ್ಕದ ಇಂಥ ಹೊಲಗಳಲ್ಲಿ ಮಳೆಗಾಲ ಮುಗಿದು ಕಾರ್ತಿಕ ಹಿಡಿಯಿತೆಂದರೆ, ಬೆಳಗಿನ ಹೊತ್ತು ಎಲೆಗಳ ಮೇಲೆ ಇಬ್ಬನಿ ಗಂಟೆಗಟ್ಟಲೆ ಕೂತಿರುತ್ತದೆ. ಭತ್ತ, ಕಬ್ಬು, ರಾಗಿಗಳ ನಡುವೆ ಹತ್ತು ಗುಂಟೆಯಲ್ಲೋ ಇಪ್ಪತ್ತು ಗುಂಟೆಯಲ್ಲೋ ಹೂವು ಬೆಳೆಯುವವರಿಗೆ ಈ ಇಬ್ಬನಿಯ ದಿನಗಳು ಆತಂಕದ ದಿನಗಳು. ಸುಗಂಧರಾಜದ ಉದ್ದನೆಯ ಎಲೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ, ಚುಕ್ಕೆ ಹರಡಿ ಎಲೆ ತುದಿಯಿಂದ ಒಣಗುತ್ತದೆ, ಹೂದಂಡಿನ ಮೊಗ್ಗೂ ಕಪ್ಪಾಗುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ಯಾವ ಔಷಧಿ ಹೊಡೆಯಬೇಕು? ಆ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗುತ್ತದೆ, ಪಕ್ಕದ ಹೊಲದವರಲ್ಲಿಯೂ ಸಿಗುತ್ತದೆ. ಹೊಡೆದ ಔಷಧಿ ನಿಜವಾಗಿ ಕೆಲಸ ಮಾಡಿತೇ ಎಂಬುದು ಅದರ ಹಿಂದೆಯೇ ಬರಬೇಕಾದ ಪ್ರಶ್ನೆ. ಅದನ್ನು ಕೇಳುವವರು ಕಡಿಮೆ, ಕೇಳಿದರೂ ಉತ್ತರ ಹೇಳುವಂತೆ ಹೊಲವನ್ನು ಇಟ್ಟುಕೊಂಡವರು ಇನ್ನೂ ಕಡಿಮೆ. ಹೊಲದಲ್ಲಿ ಔಷಧಿ ಹೊಡೆಯದೆ ಬಿಟ್ಟ ಕೆಲವು ಸಾಲುಗಳಿಲ್ಲದಿದ್ದರೆ ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು ಎಂಬುದು ಇವತ್ತಿನ ನನ್ನ ವಾದ.

ಮೊದಲು ಬೆಳೆಯ ಮಾತು. ಸುಗಂಧರಾಜವನ್ನು ಲಿಲ್ಲಿಯ ಪಕ್ಕದಲ್ಲಿಟ್ಟು ನೋಡೋಣ. ನಿಜವಾದ ಲಿಲ್ಲಿಗೆ ತಂಪು ಬೇಕು. ನಮ್ಮಲ್ಲಿ ಅದನ್ನು ನೆರಳುಮನೆಗಳಲ್ಲಿ, ಹೊರಗಿನಿಂದ ತರಿಸಿದ ಗೆಡ್ಡೆಗಳಿಂದ ಬೆಳೆಯುತ್ತಾರೆ. ಮಂಡ್ಯ, ಮೈಸೂರು ಸೀಮೆಯ ಬಯಲಿನಲ್ಲಿ ಲಿಲ್ಲಿಯ ಜಾಗವನ್ನು ತುಂಬಿರುವುದು ಸುಗಂಧರಾಜ. ಮೆಕ್ಸಿಕೋ ಇದರ ತವರು. ಇದೂ ಗೆಡ್ಡೆಯಿಂದಲೇ ಬರುವ ಹೂವು, ಲಿಲ್ಲಿಯಂತೆಯೇ ಉದ್ದ ದಂಡಿನ ಮೇಲೆ ಬಿಳಿ ಹೂವಿನ ಸಾಲು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳ ಹೆಸರು ಹೂವಿನ ಬೆಳೆಗಾರರಿಗೆ ಪರಿಚಿತ. ಲಿಲ್ಲಿಗೂ ಸುಗಂಧರಾಜಕ್ಕೂ ಇನ್ನೊಂದು ನಂಟು ಇದೆ, ಅದು ಸಂತೋಷದ ನಂಟಲ್ಲ. ಲಿಲ್ಲಿಯ ಎಲೆ ಸುಡುವ ಬೋಟ್ರೈಟಿಸ್ ಎಲಿಪ್ಟಿಕಾ ಎಂಬ ಶಿಲೀಂಧ್ರವೇ ಸುಗಂಧರಾಜದ ಎಲೆಚುಕ್ಕೆ, ಅಂಗಮಾರಿಗಳಿಗೂ ಕಾರಣಗಳಲ್ಲಿ ಒಂದೆಂದು ಸಸ್ಯರೋಗ ಶಾಸ್ತ್ರದಲ್ಲಿ ದಾಖಲಾಗಿದೆ. ಆಲ್ಟರ್ನೇರಿಯ ಎಂಬ ಇನ್ನೊಂದು ಶಿಲೀಂಧ್ರವೂ ಎಲೆಯ ಮೇಲೆ ಚುಕ್ಕೆ ತರುತ್ತದೆ. ಲಿಲ್ಲಿಯ ಈ ರೋಗವನ್ನು 1888ರಲ್ಲೇ ವಿವರವಾಗಿ ಬರೆದವರು ಇಂಗ್ಲೆಂಡಿನ ಹ್ಯಾರಿ ಮಾರ್ಷಲ್ ವಾರ್ಡ್. ಅದಕ್ಕೆ ಕೆಲವು ವರ್ಷ ಮುಂಚೆ ಸಿಲೋನಿನಲ್ಲಿ ಕಾಫಿ ಎಲೆಯ ತುಕ್ಕು ರೋಗದ ಬೆನ್ನು ಹತ್ತಿದ್ದವರೂ ಅವರೇ. ಲಿಲ್ಲಿಯಲ್ಲಿ ಅವರು ಕಂಡದ್ದು ಇದು: ಶಿಲೀಂಧ್ರದ ಎಳೆ ತನ್ನಿಂದ ಒಂದು ರಸವನ್ನು ಹೊರಬಿಟ್ಟು ಎಲೆಯ ಜೀವಕೋಶದ ಗೋಡೆಯನ್ನೇ ಕರಗಿಸುತ್ತದೆ. ಅಂದರೆ ನಮ್ಮ ಕಣ್ಣಿಗೆ ಚುಕ್ಕೆಯಾಗಿ ಕಾಣುವ ಜಾಗ ಆಗಲೇ ಸತ್ತುಹೋಗಿದೆ. ಅದನ್ನು ಯಾವ ಔಷಧಿಯೂ ಹಸಿರು ಮಾಡಲಾರದು. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಔಷಧಿಯನ್ನು ಅಳೆಯುವ ರೀತಿಯೇ ಬದಲಾಗುತ್ತದೆ. ಹಳೆಯ ಚುಕ್ಕೆ ಹೋಯಿತೇ ಎಂದು ನೋಡುವುದರಿಂದ ಏನೂ ತಿಳಿಯುವುದಿಲ್ಲ, ಹೊಡೆದ ಮೇಲೆ ಬಂದ ಹೊಸ ಎಲೆಗೆ ಚುಕ್ಕೆ ಬಿತ್ತೇ ಎಂದು ನೋಡಬೇಕು.

"ಹೊಡೆದೆ, ಹದಿನೈದು ದಿನದಲ್ಲಿ ರೋಗ ಇಳಿಯಿತು" ಎಂಬ ಮಾತನ್ನು ತೆಗೆದುಕೊಳ್ಳಿ. ಹೇಳುವವರು ಸುಳ್ಳು ಹೇಳುತ್ತಿಲ್ಲ. ರೋಗ ಇಳಿದದ್ದು ನಿಜ, ಔಷಧಿ ಹೊಡೆದದ್ದೂ ನಿಜ. ಆದರೆ ಇವೆರಡರ ನಡುವೆ "ಆದ್ದರಿಂದ" ಎಂಬ ಪದವನ್ನು ಸೇರಿಸಲು ನಮಗೆ ಅಧಿಕಾರ ಎಲ್ಲಿಂದ ಬಂತು? ಶಿಲೀಂಧ್ರದ ಬೀಜಕಣ ಮೊಳೆಯಲು ಎಲೆಯ ಮೇಲೆ ತೇವ ಬೇಕು. ಮೋಡ ಸರಿದು ನಾಲ್ಕು ದಿನ ಗಾಳಿ, ಬಿಸಿಲು ಬಂದರೆ ಹೊಸ ಚುಕ್ಕೆ ತಾನಾಗಿಯೇ ಕಡಿಮೆಯಾಗುತ್ತದೆ. ಚುಕ್ಕೆ ಬಿದ್ದ ಹಳೆಯ ಎಲೆ ಒಣಗಿ ನೆಲಕ್ಕೆ ಒರಗುತ್ತದೆ, ನಡುವಿನಿಂದ ಹೊಸ ಎಲೆ ಏಳುತ್ತದೆ, ದೂರದಿಂದ ನೋಡಿದರೆ ಹೊಲ ಹಸಿರಾಗಿ ಕಾಣುತ್ತದೆ. ಅದಲ್ಲದೆ ನಾವು ಔಷಧಿಗೆ ಓಡುವುದು ರೋಗ ಮಿತಿಮೀರಿ ಕಂಡಾಗ. ಮಿತಿಮೀರಿ ಏರಿದ್ದು ಸ್ವಲ್ಪ ಇಳಿಯುವುದು ಪ್ರಕೃತಿಯಲ್ಲಿ ಸಹಜ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಹೊಡೆಯುವ ಮೊದಲು ನೂರು ಎಲೆಗೆ ಮೂವತ್ತು ಎಲೆಯಲ್ಲಿ ಚುಕ್ಕೆ ಇತ್ತು, ಹದಿನೈದು ದಿನದ ಮೇಲೆ ಹನ್ನೆರಡಕ್ಕೆ ಇಳಿಯಿತು. ಔಷಧಿ ಗೆದ್ದಿತು ಎನ್ನುತ್ತೇವೆ. ಅದೇ ಹೊಲದಲ್ಲಿ ಔಷಧಿ ಕಾಣದ ಒಂದು ಮಡಿ ಇದ್ದು, ಅಲ್ಲಿಯೂ ಮೂವತ್ತು ಹದಿನಾಲ್ಕಕ್ಕೆ ಇಳಿದಿದ್ದರೆ? ಔಷಧಿಯ ಪಾಲು ನೂರಕ್ಕೆ ಎರಡು ಎಲೆ ಮಾತ್ರ, ಉಳಿದದ್ದೆಲ್ಲ ಬಿಸಿಲಿನ ಕೆಲಸ. ಈಗ ಇದನ್ನು ತಿರುಗಿಸಿ ನೋಡಿ. ಹೊಡೆದ ಮೇಲೂ ಮೂವತ್ತು ನಲವತ್ತೈದಕ್ಕೆ ಏರಿತು. ದುಡ್ಡು ನೀರಿಗೆ ಹೋಯಿತೆಂದು ಬೆಳೆಗಾರರು ಡಬ್ಬಿ ಬಿಸಾಡುತ್ತಾರೆ. ಹೊಡೆಯದ ಮಡಿಯಲ್ಲಿ ಅದೇ ಮೂವತ್ತು ಎಂಬತ್ತಕ್ಕೆ ಏರಿದ್ದರೆ, ಬಿಸಾಡಿದ ಔಷಧಿ ನೂರಕ್ಕೆ ಮೂವತ್ತೈದು ಎಲೆ ಉಳಿಸಿತ್ತು. ಹೋಲಿಸುವ ಮಡಿ ಇಲ್ಲದ ಹೊಲದಲ್ಲಿ ಕೆಲಸಕ್ಕೆ ಬಾರದ ಔಷಧಿಗೆ ಹೆಸರು ಬರುತ್ತದೆ, ಕೆಲಸ ಮಾಡಿದ ಔಷಧಿಗೆ ಅಪವಾದ ಬರುತ್ತದೆ. ಎರಡೂ ಬೆಳೆಗಾರರಿಗೆ ನಷ್ಟವೇ.

ಶಿಲೀಂಧ್ರನಾಶಕಗಳ ಇತಿಹಾಸದ ಒಂದು ದೊಡ್ಡ ಅಧ್ಯಾಯವೇ ಹೊಡೆಯದ ಸಾಲಿನಿಂದ ಶುರುವಾಗಿದೆ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಬೂಷ್ಟು ರೋಗ ಬಂದು ಎಲೆಗಳೆಲ್ಲ ಉದುರಿದ್ದವು. ಆದರೆ ರಸ್ತೆಯ ಬದಿಯ ಬಳ್ಳಿಗಳಲ್ಲಿ ಎಲೆ ನಿಂತಿತ್ತು. ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಅದನ್ನು ಗಮನಿಸಿ ವಿಚಾರಿಸಿದಾಗ ತಿಳಿದದ್ದು, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಸಾಲುಗಳಿಗೆ ಮಾತ್ರ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಬಳಿದಿದ್ದರು ಎಂದು. ಇಡೀ ತೋಟಕ್ಕೆ ಬಳಿದಿದ್ದರೆ ಆ ವರ್ಷ ರೋಗ ಕಡಿಮೆ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಬಳಿದ ಸಾಲು, ಬಳಿಯದ ಸಾಲು ಅಕ್ಕಪಕ್ಕ ಇದ್ದದ್ದರಿಂದ ಜಗತ್ತಿಗೆ ಬೋರ್ಡೋ ದ್ರಾವಣ ಸಿಕ್ಕಿತು. 1885ರಲ್ಲಿ ಅದು ಪ್ರಕಟವಾಯಿತು, ಇವತ್ತಿಗೂ ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಅದೇ ದ್ರಾವಣ ಗೊನೆಗಳ ಮೇಲೆ ಬೀಳುತ್ತಿದೆ. ಅಡಿಕೆಗೆ ಅದನ್ನು ತಂದ ಕೆಲಸದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಹೆಸರು ದೊಡ್ಡದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಕೊಳೆರೋಗದ ಬಗ್ಗೆ 1910ರಲ್ಲೇ ಬರೆದರು. ಅಲ್ಲಿಯವರೆಗೆ ಮಲೆನಾಡಿಗರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ದ್ರಾಕ್ಷಿಗೆ ಆಗಿಬಂದ ದ್ರಾವಣವನ್ನು ಹಾಗೆಯೇ ತಂದು ಸುರಿದಿದ್ದರೆ ಮಲೆನಾಡಿನ ಮಳೆ ಅದನ್ನು ತೊಳೆದುಬಿಡುತ್ತಿತ್ತು. ರಾಳ ಮತ್ತು ಸೋಡದ ಅಂಟು ಸೇರಿಸಿ, ಆ ಮಳೆಯಲ್ಲಿ ಅದು ನಿಲ್ಲುತ್ತದೆಯೇ ಎಂದು ಆ ಮಳೆಯಲ್ಲೇ ನೋಡಬೇಕಾಯಿತು. ಒಂದು ಸೀಮೆಯಲ್ಲಿ ಗೆದ್ದ ಔಷಧಿಯನ್ನು ಇನ್ನೊಂದು ಸೀಮೆಯ ನೆಲ, ನೀರು, ಗಾಳಿಯಲ್ಲಿ ಮತ್ತೆ ಒರೆಗೆ ಹಚ್ಚಬೇಕೆಂಬ ಪಾಠ ನಮ್ಮ ನಾಡಿಗೆ ನೂರು ವರ್ಷಕ್ಕೂ ಹಳೆಯದು.

ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಹೆಸರಘಟ್ಟ ಇದೆ, ಅವರು ಪರೀಕ್ಷೆ ಮಾಡಿಯೇ ಶಿಫಾರಸು ಕೊಡುತ್ತಾರಲ್ಲ, ಬೆಳೆಗಾರರು ಮತ್ತೆ ಯಾಕೆ ಪರೀಕ್ಷಿಸಬೇಕು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾಗಿ ತಜ್ಞ ಲಕ್ಷ್ಮಣಯ್ಯನವರು ಇಂಡಾಫ್ ಎಂಬ ರಾಗಿ ತಳಿಗಳನ್ನು ಕಟ್ಟಿದ ವಿ.ಸಿ. ಫಾರಂ ಬಗ್ಗೆ ಈ ಜಿಲ್ಲೆಯವರಿಗೆ ಗೌರವ ಇರಲೇಬೇಕು. ಸಂಶೋಧನಾ ಕೇಂದ್ರದ ಶಿಫಾರಸು ನಮ್ಮ ಪರೀಕ್ಷೆಯ ಆರಂಭದ ಮೆಟ್ಟಿಲು, ಅದನ್ನು ಬಿಟ್ಟು ಯಾವುದೋ ಡಬ್ಬಿಯನ್ನು ತಂದು ಪರೀಕ್ಷಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸಂಶೋಧನಾ ಕೇಂದ್ರ ಹೇಳಬಲ್ಲದ್ದು ಈ ಔಷಧಿ ಈ ರೋಗಕ್ಕೆ ಕೆಲಸ ಮಾಡಬಲ್ಲದು ಎಂದು. ಹತ್ತು ವರ್ಷದಿಂದ ಒಂದೇ ಗುಂಪಿನ ಔಷಧಿ ಕುಡಿದ ನಮ್ಮ ಹೊಲದ ಶಿಲೀಂಧ್ರ ಇನ್ನೂ ಅದಕ್ಕೆ ಬಗ್ಗುತ್ತದೆಯೇ ಎಂಬುದು ನಮ್ಮ ಹೊಲಕ್ಕೆ ಮಾತ್ರ ಗೊತ್ತು. ಇದು ಊಹೆಯ ಮಾತಲ್ಲ. ಬೆನೊಮಿಲ್ ಎಂಬ ಔಷಧಿ ಬಳಕೆಗೆ ಬಂದು ಕೆಲವೇ ವರ್ಷಗಳಾಗಿದ್ದಾಗ, 1971ರಲ್ಲಿ, ಹಾಲೆಂಡಿನಲ್ಲಿ ಸೈಕ್ಲಮೆನ್ ಹೂಗಿಡದ ಮೇಲಿದ್ದ ಬೋಟ್ರೈಟಿಸ್ ಅದಕ್ಕೆ ಜಗ್ಗದೆ ನಿಂತದ್ದು ವರದಿಯಾಯಿತು. ನಾವು ಬ್ಯಾವಿಸ್ಟಿನ್ ಎಂದು ಕರೆಯುವ ಕಾರ್ಬೆಂಡಜಿಂ ಅದೇ ಗುಂಪಿನದು. ಇಂಥ ಔಷಧಿಗಳು ಶಿಲೀಂಧ್ರದ ಒಂದೇ ಒಂದು ಕೀಲನ್ನು ಹಿಡಿದು ನಿಲ್ಲಿಸುತ್ತವೆ, ಆ ಕೀಲು ಒಂದಿಷ್ಟು ಬದಲಾದರೆ ಹಿಡಿತ ತಪ್ಪುತ್ತದೆ. ಎಂ-45 ಎಂದು ಹೆಸರಾದ ಮ್ಯಾಂಕೋಜೆಬ್, ತಾಮ್ರದ ಔಷಧಿಗಳು ಹಲವು ಕಡೆಯಿಂದ ಹೊಡೆಯುವುದರಿಂದ ಅವಕ್ಕೆ ಶಿಲೀಂಧ್ರ ಒಗ್ಗಿಕೊಳ್ಳುವುದು ಕಷ್ಟ. ಆದರೆ ಅವು ಎಲೆಯ ಮೇಲ್ಮೈಯಲ್ಲಿ ಕಾವಲು ನಿಲ್ಲುವ ಔಷಧಿಗಳು, ಒಳಗೆ ಸೇರಿದ ರೋಗವನ್ನು ಹಿಂದಕ್ಕೆ ಕರೆಯಲಾರವು. ತಡವಾಗಿ ಹೊಡೆದು ಎಂ-45 ಕೆಲಸಕ್ಕೆ ಬಾರದು ಎನ್ನುವುದು, ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿ ಬೀಗವನ್ನು ಬೈದಂತೆ. ಇನ್ನೊಂದು ವಿಚಾರ: ಹೋದ ಸಲ ಒಂದು ಹೆಸರಿನ ಡಬ್ಬಿ, ಈ ಸಲ ಇನ್ನೊಂದು ಹೆಸರಿನ ಡಬ್ಬಿ ಹೊಡೆದು ಔಷಧಿ ಬದಲಾಯಿಸಿದೆವು ಅಂದುಕೊಳ್ಳುತ್ತೇವೆ. ಎರಡರ ಒಳಗೂ ಒಂದೇ ಮೂಲವಸ್ತು ಇರಬಹುದು. ಪರೀಕ್ಷೆಗೆ ಕೂರುವ ಮುಂಚೆ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರವನ್ನು ಓದಬೇಕು. ಆ ಚೀಟಿಯಲ್ಲಿ ಹೇಳಿದ ಬೆಳೆ, ಹೇಳಿದ ಪ್ರಮಾಣ ಮೀರಿ ಪರೀಕ್ಷೆ ಮಾಡುವುದೂ ಸಲ್ಲದು. ಹೂವಿಗೆ ಯಾವುದು ಸಲ್ಲುತ್ತದೆ ಎಂದು ತೋಟಗಾರಿಕೆ ಇಲಾಖೆಯವರನ್ನು ಕೇಳಿ ತಿಳಿದ ಮೇಲೆಯೇ ಮುಂದಿನ ಮಾತು.

ಪರೀಕ್ಷೆ ಎಂದರೆ ಹೇಗೆ? ಒಂದು ಕಡೆ ಹೊಡೆದು ಇನ್ನೊಂದು ಕಡೆ ಬಿಟ್ಟರೆ ಸಾಲದು. ಹೊಲದ ಒಂದು ಮಗ್ಗುಲು ಕಾಲುವೆಗೆ ಹತ್ತಿರ, ಅಲ್ಲಿ ಸದಾ ತೇವ. ಇನ್ನೊಂದು ಮಗ್ಗುಲಿಗೆ ತೆಂಗಿನ ನೆರಳು, ಅಲ್ಲಿ ಇಬ್ಬನಿ ಆರುವುದು ತಡ. ಬಿಟ್ಟ ಜಾಗ ಕಾಲುವೆಯ ಕಡೆಗೇ ಬಿದ್ದರೆ ಔಷಧಿ ಇಲ್ಲದ ದೊಡ್ಡಸ್ತಿಕೆ ಪಡೆಯುತ್ತದೆ. ಈ ತೊಡಕನ್ನು ಬಿಡಿಸಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಬೇಸಾಯ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ರೊನಾಲ್ಡ್ ಫಿಶರ್. ಅವರ ಉಪಾಯ ಸರಳ. ಹೊಲವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗವೂ ಒಳಗೊಳಗೆ ಸಾಕಷ್ಟು ಒಂದೇ ತೆರನಾಗಿರಲಿ. ಪ್ರತಿ ಭಾಗದಲ್ಲಿ ಮೂರು ಮಡಿ: ಒಂದಕ್ಕೆ ಮೊದಲನೆಯ ಔಷಧಿ, ಒಂದಕ್ಕೆ ಎರಡನೆಯದು, ಒಂದಕ್ಕೆ ಬರೀ ನೀರು. ಯಾವ ಮಡಿಗೆ ಯಾವುದು ಎಂದು ನಾವು ಆರಿಸಬಾರದು. ಮೂರು ಚೀಟಿ ಬರೆದು ಮಡಚಿ, ಮಗುವಿನ ಕೈಯಲ್ಲಿ ಎತ್ತಿಸಬೇಕು, ನಾಲ್ಕು ಭಾಗಕ್ಕೂ ಬೇರೆ ಬೇರೆಯಾಗಿ ಎತ್ತಿಸಬೇಕು. ನಮ್ಮ ಮನಸ್ಸು ಗೊತ್ತಿಲ್ಲದೆಯೇ ಒಳ್ಳೆಯ ಗಿಡಗಳನ್ನು ದುಬಾರಿ ಔಷಧಿಗೆ ಕೊಟ್ಟುಬಿಡುತ್ತದೆ, ಚೀಟಿಗೆ ಆ ಪಕ್ಷಪಾತ ಇಲ್ಲ. ಬಿಟ್ಟ ಮಡಿಗೂ ಬರೀ ನೀರನ್ನಾದರೂ ಹೊಡೆಯಬೇಕು ಎನ್ನುವುದಕ್ಕೆ ಕಾರಣ ಇದೆ: ಸಿಂಪಡಿಸಿದಾಗ ಎಲೆ ನೆನೆಯುವುದೂ ರೋಗಕ್ಕೆ ಸಂಬಂಧಪಟ್ಟ ಸಂಗತಿ, ಅದು ಎಲ್ಲ ಮಡಿಗೂ ಸಮನಾಗಿರಲಿ. ಮಡಿ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ ಇದ್ದರೆ ಸಾಕು. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ ಒಂದು ಅಡಿಯಂತೆ ನೆಟ್ಟಿದ್ದರೆ ಒಂದು ಮಡಿಯಲ್ಲಿ ಸುಮಾರು ನೂರ ಮೂವತ್ತು ಗಿಡ ಇರುತ್ತವೆ. ಅಂಚಿನ ಸಾಲುಗಳಿಗೆ ಪಕ್ಕದ ಔಷಧಿ ಹಾರಿ ಬಂದಿರುತ್ತದೆ, ಅವನ್ನು ಎಣಿಸಬಾರದು. ನಡುವಿನ ಹತ್ತು ಗಿಡಕ್ಕೆ ಗುರುತು ಮಾಡಿ, ಹೊಡೆಯುವ ದಿನ ಅವುಗಳ ಎಳೆಯ ಎಲೆಗೆ ಬಣ್ಣದ ನೂಲು ಕಟ್ಟಬೇಕು. ಏಳನೆಯ ದಿನ, ಹದಿನಾಲ್ಕನೆಯ ದಿನ ನೂಲು ಕಟ್ಟಿದ ಎಲೆಯನ್ನೂ ಆಮೇಲೆ ಬಂದ ಎಲೆಗಳನ್ನೂ ಎಣಿಸಿ ಬರೆಯಬೇಕು. ಹೂವು ಕೊಯ್ದಾಗ ಮಡಿಮಡಿಯದನ್ನು ಬೇರೆ ಬೇರೆ ತೂಗಿ ಬರೆಯಬೇಕು, ಯಾಕೆಂದರೆ ಮಾರುಕಟ್ಟೆಯಲ್ಲಿ ದುಡ್ಡು ಕೊಡುವುದು ಎಲೆಗಲ್ಲ.

ನಾಲ್ಕು ಸಲ ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ ಎಂಬುದನ್ನು ಲೆಕ್ಕದಿಂದಲೇ ನೋಡಬಹುದು. ಔಷಧಿಗಳಲ್ಲಿ ಏನೂ ಸತ್ವ ಇಲ್ಲ ಎಂದುಕೊಳ್ಳಿ. ಆಗ ಒಂದು ಭಾಗದ ಮೂರು ಮಡಿಯಲ್ಲಿ ಯಾವುದು ಬೇಕಾದರೂ ಅತಿ ಕೆಟ್ಟದಾಗಬಹುದು, ಬರೀ ನೀರಿನ ಮಡಿ ಕೆಟ್ಟದಾಗುವ ಸಂಭವ ಮೂರರಲ್ಲಿ ಒಂದು. ಹಾಗಾಗಿ ಒಂದೇ ಭಾಗದಲ್ಲಿ ನೋಡಿ ತೀರ್ಮಾನ ಮಾಡಿದರೆ ಮೂರು ಸಲಕ್ಕೊಮ್ಮೆ ಮೋಸ ಹೋಗುತ್ತೇವೆ. ನಾಲ್ಕು ಭಾಗದಲ್ಲಿಯೂ ಬರೀ ನೀರಿನ ಮಡಿಯೇ ಅತಿ ಕೆಟ್ಟದಾಗಿ ಕಾಣುವುದು ಬರೀ ಆಕಸ್ಮಿಕದಿಂದ ಆಗುವ ಸಂಭವ ಎಂಬತ್ತೊಂದರಲ್ಲಿ ಒಂದು. ನಾಲ್ಕು ಮೂರುಗಳನ್ನು ಒಂದಕ್ಕೊಂದು ಗುಣಿಸಿ ನೋಡಿ, ಎಂಬತ್ತೊಂದೇ ಬರುತ್ತದೆ. ಇಷ್ಟು ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ಔಷಧಿಯ ಬಗ್ಗೆ ಊರಿನಲ್ಲಿ ನಡೆಯುವ ಎಷ್ಟೋ ವಾದಗಳಿಗೆ ಆಧಾರ ಒಂದು ಹೊಲ, ಒಂದು ಸಲ, ಹೋಲಿಕೆಯೇ ಇಲ್ಲದ ಒಂದು ನೋಟ. ಅದರ ಪಕ್ಕದಲ್ಲಿ ಈ ಹನ್ನೆರಡು ಮಡಿಯ ಲೆಕ್ಕ ಎಷ್ಟು ಗಟ್ಟಿ ಎಂಬುದು ತಾನಾಗಿ ಕಾಣುತ್ತದೆ.

ಈಗ ಅತಿ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಹೊಟ್ಟೆಪಾಡಿಗೆ ಹೂವು ಬೆಳೆಯುವವರು ಕಣ್ಣಾರೆ ರೋಗ ಕಾಣುತ್ತಿರುವಾಗ ಔಷಧಿ ಹೊಡೆಯದೆ ಬಿಡಬೇಕೇ, ಆ ನಷ್ಟ ತುಂಬುವವರು ಯಾರು? ನಷ್ಟದ ಮಾತನ್ನು ಹಗುರವಾಗಿ ತಳ್ಳಿಹಾಕುವುದು ತಪ್ಪು. ಅದಕ್ಕೆ ಲೆಕ್ಕವನ್ನೇ ಮುಂದಿಡುತ್ತೇನೆ. ನಾಲ್ಕು ಬರೀ ನೀರಿನ ಮಡಿ ಸೇರಿ ನಲವತ್ತೆಂಟು ಚದರ ಮೀಟರ್, ಅಂದರೆ ಅರ್ಧ ಗುಂಟೆಗೂ ಕಡಿಮೆ. ಹತ್ತು ಗುಂಟೆ ಹೂವಿನಲ್ಲಿ ಅದು ನೂರಕ್ಕೆ ಐದರಷ್ಟೂ ಆಗುವುದಿಲ್ಲ. ಆ ಮಡಿಗಳಲ್ಲಿ ಅರ್ಧ ಹೂವು ಹೋಯಿತೆಂದರೂ ಇಡೀ ಫಸಲಿನಲ್ಲಿ ನೂರಕ್ಕೆ ಎರಡೂವರೆ ಪಾಲಿನ ಒಳಗೆ. ಕೆಲಸ ಮಾಡದ ಔಷಧಿಯನ್ನು ವರ್ಷಗಟ್ಟಲೆ ಇಡೀ ಹೊಲಕ್ಕೆ ಹೊಡೆಯುವ ಖರ್ಚಿನ ಎದುರು ಇದನ್ನು ಇಟ್ಟು ನೋಡಬೇಕು. ಹನ್ನೆರಡೂ ಮಡಿ ಕಳೆದು ಉಳಿದ ಸುಮಾರು ಎಂಟೂವರೆ ಗುಂಟೆಗೆ ಸದ್ಯಕ್ಕೆ ನಂಬಿಕೆಯಿರುವ ಔಷಧಿಯನ್ನೇ ಹೊಡೆಯಲಿ, ಪರೀಕ್ಷೆ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬಿಟ್ಟ ಮಡಿಯಿಂದ ರೋಗ ಪಕ್ಕಕ್ಕೆ ಹಬ್ಬುತ್ತದೆ ಎಂಬ ಭಯ ನಿಜವಾದದ್ದು. ದಕ್ಷಿಣ ಆಫ್ರಿಕಾದ ವ್ಯಾಂಡರ್‌ಪ್ಲಾಂಕ್ ತಮ್ಮ 1963ರ ಪುಸ್ತಕದಲ್ಲಿ ಇದನ್ನೇ ಎತ್ತಿ ತೋರಿಸಿದರು. ಬೀಜಕಣ ಗಾಳಿಯಲ್ಲಿ ಹಾರುವುದರಿಂದ ಬಿಟ್ಟ ಮಡಿ ಹೊಡೆದ ಮಡಿಗೆ ರೋಗ ಕೊಡುತ್ತದೆ, ಸುತ್ತ ಹೊಡೆದ ಮಡಿಗಳಿರುವುದರಿಂದ ಬಿಟ್ಟ ಮಡಿಗೆ ಬರುವ ರೋಗ ಕಡಿಮೆಯಾಗುತ್ತದೆ. ಫಲವಾಗಿ ಸಣ್ಣ ಮಡಿಗಳಲ್ಲಿ ಔಷಧಿಯ ಗುಣ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಇದು ನಮ್ಮ ಪರೀಕ್ಷೆಯ ದೋಷವೇ, ಮುಚ್ಚಿಡಬೇಕಾದದ್ದಿಲ್ಲ. ಆದರೆ ದೋಷ ಯಾವ ಕಡೆಗೆ ವಾಲಿದೆ ನೋಡಿ. ಇಷ್ಟು ಅಡ್ಡಿ ಇದ್ದೂ ಒಂದು ಔಷಧಿ ಎದ್ದು ಕಂಡರೆ ಇಡೀ ಹೊಲದಲ್ಲಿ ಅದು ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಎರಡು ಮಡಿಗಳ ನಡುವೆ ಒಂದೆರಡು ಸಾಲು ಹೆಚ್ಚಿಗೆ ಬಿಟ್ಟರೆ ಈ ಅಡ್ಡಿಯೂ ಕಡಿಮೆಯಾಗುತ್ತದೆ. ಬಿಟ್ಟ ಮಡಿಯಲ್ಲಿ ಎಲೆಗಳು ಅರ್ಧಕ್ಕಿಂತ ಹೆಚ್ಚು ಸುಟ್ಟವೆಂದರೆ ಅಲ್ಲಿಗೆ ಎಣಿಕೆ ಮುಗಿಸಿ, ರೋಗದ ಎಲೆಗಳನ್ನು ಕಿತ್ತು ಸುಟ್ಟುಹಾಕಿದರಾಯಿತು. ಅಷ್ಟರಲ್ಲಿ ಬೇಕಾದ ಉತ್ತರ ಸಿಕ್ಕಿರುತ್ತದೆ.

ಬರೀ ನೀರಿನ ಮಡಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎರಡು ಔಷಧಿಯ ಮಡಿ, ನೀರಿನ ಮಡಿ ಮೂರೂ ಒಂದೇ ರೀತಿ ಸೊರಗಿದವು ಎಂದರೆ ಕಾಯಿಲೆ ಶಿಲೀಂಧ್ರದ್ದೇ ಅಲ್ಲದಿರಬಹುದು. ಸುಗಂಧರಾಜದ ಬೇರಿಗೆ ಗಂಟು ಕಟ್ಟುವ ಜಂತುಹುಳು ಇದೆ, ಶೃಂಗಾರ್ ಮತ್ತು ಸುವಾಸಿನಿ ಅದನ್ನು ಒಂದಿಷ್ಟು ತಡೆದುಕೊಳ್ಳುತ್ತವೆ. ಎಲೆ, ಮೊಗ್ಗುಗಳಿಗೆ ಬರುವ ಇನ್ನೊಂದು ಜಂತುಹುಳು ಬಂಗಾಳದಲ್ಲಿ ಈ ಬೆಳೆಯನ್ನು ಬಹಳ ಕಾಡಿದೆ, ಭತ್ತದ ಎಲೆಯ ತುದಿ ಬೆಳ್ಳಗಾಗುವುದಕ್ಕೂ ಅದೇ ಕಾರಣ. ನುಸಿ ಕೂತರೂ ಮೊಗ್ಗಿನ ಅಂಚು ಕಂದಾಗುತ್ತದೆ. ಇವಕ್ಕೆಲ್ಲ ಶಿಲೀಂಧ್ರನಾಶಕ ಹೊಡೆಯುವುದು ತಲೆನೋವಿಗೆ ಕಾಲಿಗೆ ಪಟ್ಟು ಹಾಕಿದಂತೆ. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂಥ ಗುಂಡುಗಳು ಕಂಡರೆ ಅದು ಮಣ್ಣಿನಲ್ಲಿರುವ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಅದಕ್ಕೆ ಎಲೆಯ ಮೇಲಿನ ಸಿಂಪರಣೆ ಏನೂ ಮಾಡದು, ಬುಡಕ್ಕೆ ಸುರಿಯಬೇಕು, ಎಲೆ ಎಣಿಸುವ ಬದಲು ಮಡಿಗೆ ಎಷ್ಟು ಗಿಡ ಸತ್ತವು ಎಂದು ಎಣಿಸಬೇಕು. ವೈದ್ಯರು ನಾಡಿ ನೋಡದೆ ಮದ್ದು ಕೊಡುವುದಿಲ್ಲ. ಬೆಳೆಗೆ ಮಾತ್ರ ನಾವು ಮೊದಲು ಮದ್ದು ಕೊಟ್ಟು ಆಮೇಲೆ ರೋಗ ಯಾವುದೆಂದು ಯೋಚಿಸುತ್ತೇವೆ.

ಒಂದೇ ಟ್ಯಾಂಕಿಗೆ ಎರಡು ಮೂರು ಔಷಧಿ, ಜೊತೆಗೆ ಒಂದು ಟಾನಿಕ್ಕು ಬೆರೆಸಿ ಹೊಡೆಯುವ ರೂಢಿ ಈಗ ಎಲ್ಲ ಕಡೆ ಹರಡಿದೆ. ಕೂಲಿ ಉಳಿಯುತ್ತದೆ ಎಂಬುದು ಅದರ ಪರವಾದ ವಾದ, ಆ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ರೋಗ ನಿಂತರೆ ಅದು ಯಾವುದರಿಂದ ಎಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಮುಂದಿನ ಸಲವೂ ಎಲ್ಲವನ್ನೂ ಬೆರೆಸಲೇಬೇಕು, ಅದರ ಮುಂದಿನ ಸಲ ಇನ್ನೊಂದು ಸೇರುತ್ತದೆ. ಖರ್ಚು ಹೀಗೆ ಒಂದು ಕಡೆಗೇ ಬೆಳೆಯುತ್ತದೆ, ಕಳೆಯುವ ಲೆಕ್ಕವೇ ಇಲ್ಲ. ಹೋಲಿಕೆಯ ಮಡಿ ಇದ್ದವರಿಗೆ ಮಾತ್ರ ಇದನ್ನು ಬಿಡಬಹುದು ಎಂದು ಹೇಳುವ ಧೈರ್ಯ ಬರುತ್ತದೆ. ನನ್ನ ಮನಸ್ಸಿಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದೇ. ಸುಗಂಧರಾಜವನ್ನು ಬೆಳಕು ಹರಿಯುವ ಮುನ್ನ ಬರಿಗೈಯಲ್ಲಿ ಕೊಯ್ಯುತ್ತಾರೆ, ಕೊಯ್ಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೊಯ್ದ ಹೂವು ದೇವರ ಮುಡಿಗೆ ಏರುತ್ತದೆ, ಮದುಮಕ್ಕಳ ಕೊರಳಿಗೆ ಹಾರವಾಗುತ್ತದೆ, ಮೂಗಿಗೆ ಹತ್ತಿರ ಇಟ್ಟುಕೊಳ್ಳುವ ಪದಾರ್ಥ ಅದು. ತರಕಾರಿಯನ್ನಾದರೆ ತೊಳೆದು ತಿನ್ನುತ್ತೇವೆ, ಹೂವನ್ನು ಯಾರೂ ತೊಳೆಯುವುದಿಲ್ಲ. ಬೇಡದ ಒಂದೊಂದು ಸಿಂಪರಣೆಯೂ ಆ ಕೈಗಳ ಮೇಲೆ, ಆ ಉಸಿರಿನೊಳಗೆ ಹೋಗುತ್ತದೆ. ಹೊಡೆಯಲೇಬೇಕಾದಾಗ ಕೊಯ್ಲು ಮುಗಿಸಿ ಸಂಜೆ ಹೊಡೆಯಬೇಕು, ಡಬ್ಬಿಯ ಚೀಟಿ ಹೇಳಿದಷ್ಟು ದಿನ ಆ ಮಡಿಗೆ ಕೈ ಹಾಕಬಾರದು, ಹೊಡೆಯುವವರು ಮೂಗು, ಬಾಯಿ ಮುಚ್ಚಿಕೊಂಡು ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ನೀರಿನ ನಾಲ್ಕು ಮಡಿಯ ಲೆಕ್ಕದಿಂದ ವರ್ಷದಲ್ಲಿ ಎರಡು ಸಿಂಪರಣೆ ಬೇಡವೆಂದು ಗೊತ್ತಾದರೂ, ಔಷಧಿಯ ಖರ್ಚು ಉಳಿದದ್ದಕ್ಕಿಂತ ಅದು ದೊಡ್ಡ ಲಾಭ.

ಎಣಿಸಿ ಬರೆಯುವ ವ್ಯವಧಾನ ಯಾರಿಗಿದೆ ಎಂಬ ಕೊನೆಯ ಆಕ್ಷೇಪ ಉಳಿಯಿತು. ಹನ್ನೆರಡು ಮಡಿ, ಮಡಿಗೆ ಹತ್ತು ಗಿಡ ಎಂದರೆ ನೂರಿಪ್ಪತ್ತು ಗಿಡ, ಎಣಿಸಲು ಒಂದು ಬೆಳಗು ಬೇಕು. ಹದಿನೈದು ದಿನದಲ್ಲಿ ಮೂರು ಬೆಳಗು. ಒಬ್ಬರಿಗೆ ಇದು ಹೊರೆ ಎನ್ನಿಸಿದರೆ ಹಂಚಿಕೊಳ್ಳುವ ದಾರಿ ಇದೆ. ಶಿಂಷಾ ದಡದ ಐದು ಮಂದಿ ಹೂವಿನ ಬೆಳೆಗಾರರು ಸೇರಿ, ಒಬ್ಬೊಬ್ಬರೂ ತಮ್ಮ ಹೊಲದಲ್ಲಿ ಮೂರೇ ಮಡಿ ಮಾಡಲಿ, ಅದೇ ಎರಡು ಔಷಧಿ, ಅದೇ ಬರೀ ನೀರು, ಅದೇ ದಿನ. ಒಬ್ಬರ ಹೊಲದಲ್ಲಿ ನಾಲ್ಕು ಭಾಗ ಮಾಡುವ ಬದಲು ಐದು ಹೊಲಗಳೇ ಐದು ಭಾಗ. ಒಬ್ಬೊಬ್ಬರು ಬಿಡಬೇಕಾದದ್ದು ಹನ್ನೆರಡು ಚದರ ಮೀಟರ್ ಮಾತ್ರ, ಎಣಿಸಬೇಕಾದದ್ದು ಮೂವತ್ತು ಗಿಡ. ಐದು ಹೊಲದಲ್ಲಿಯೂ ನೀರಿನ ಮಡಿಯೇ ಸೋಲುವುದು ಬರೀ ಆಕಸ್ಮಿಕದಿಂದ ಆಗುವ ಸಂಭವ ಇನ್ನೂರ ನಲವತ್ತಮೂರರಲ್ಲಿ ಒಂದು. ನಾಲ್ಕು ಕಡೆ ಒಂದು ಔಷಧಿ ಗೆದ್ದು ಐದನೆಯ ಹೊಲದಲ್ಲಿ ಸೋತಿತೆಂದರೆ ಆ ಸೋತ ಹೊಲವೇ ಹೆಚ್ಚು ಕಲಿಸುತ್ತದೆ: ಅಲ್ಲಿ ಗೆಡ್ಡೆ ಎಷ್ಟು ವರ್ಷದ್ದು, ಹಿಂದೆ ಯಾವ ಗುಂಪಿನ ಔಷಧಿ ಎಷ್ಟು ಸಲ ಬಿದ್ದಿದೆ, ನೆರಳು ಎಷ್ಟು ಎಂದು ಕೇಳುತ್ತಾ ಹೋದರೆ ಕಾರಣ ಸಿಗುತ್ತದೆ. ಎಣಿಕೆ ಬರೆದಿಟ್ಟ ಐವರ ಐದು ಪುಸ್ತಕಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೋ ತೆಗೆದುಕೊಂಡು ಹೋದರೆ, ಅಲ್ಲಿನವರಿಗೆ ಬೆಳೆಗಾರರ ದೂರಿನ ಬದಲು ಬೆಳೆಗಾರರ ಅಂಕಿ ಸಿಗುತ್ತದೆ, ಮಾತು ಬೇರೆ ಮಟ್ಟದಲ್ಲಿ ನಡೆಯುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಬರೆಯಬೇಕಾದದ್ದು ಹೊಡೆದ ತಾರೀಕು, ಔಷಧಿಯ ಮೂಲವಸ್ತುವಿನ ಹೆಸರು, ಒಂದು ಲೀಟರ್ ನೀರಿಗೆ ಎಷ್ಟು ಗ್ರಾಂ, ಆ ದಿನ ಮೋಡ ಇತ್ತೇ, ಹೊಡೆದ ಎಷ್ಟು ಹೊತ್ತಿಗೆ ಮಳೆ ಬಂತು, ಬೆಳಿಗ್ಗೆ ಎಷ್ಟು ಗಂಟೆಯವರೆಗೆ ಎಲೆಯ ಮೇಲೆ ಇಬ್ಬನಿ ಇತ್ತು, ಇಷ್ಟು. ಇಬ್ಬನಿಯ ಸಾಲನ್ನು ದಿನವೂ ತುಂಬಬೇಕೆಂದು ನೆನಪಿಡಿ, ಔಷಧಿ ಹೊಡೆಯದ ದಿನಗಳಲ್ಲಿಯೂ.